‘ನೆಟ್ ಬರ್ತಿಲ್ಲ’ ಅಂದಾಗ: ಕಮಾಂಡ್ ಪ್ರಾಂಪ್ಟ್‌ನಿಂದ ದೋಷದ ಜಾಗ ಹಿಡಿಯುವುದು

‘ನೆಟ್ ಬರ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಆರೇಳು ಬೇರೆ ಬೇರೆ ಕಾಯಿಲೆಗಳಿರುತ್ತವೆ. ವೈಫೈ ಸಿಗ್ನಲ್ ಸೊರಗಿರಬಹುದು, ರೂಟರ್ ವಿಳಾಸ ಕೊಡುವುದನ್ನು ನಿಲ್ಲಿಸಿರಬಹುದು, ಬೀದಿಯಲ್ಲಿ ಫೈಬರ್ ತುಂಡಾಗಿರಬಹುದು, ತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಬಿಡಿಸುವ ಡಿಎನ್‌ಎಸ್ ಕೈಕೊಟ್ಟಿರಬಹುದು, ನೆಟ್ಟನ್ನು ಬೇರೆ ದಾರಿಯಿಂದ ಸಾಗಿಸಲೆಂದು ಎಂದೋ ಹಾಕಿಸಿಕೊಂಡ ವಿಪಿಎನ್ ದಾರಿಗೆ ಅಡ್ಡ ಮಲಗಿರಬಹುದು. ಬ್ರೌಸರ್ ಮಾತ್ರ ಎಲ್ಲಕ್ಕೂ ಹೆಚ್ಚುಕಮ್ಮಿ ಅದೇ ಪುಟ ತೋರಿಸುತ್ತದೆ.

ಇಂಥ ಹೊತ್ತಲ್ಲಿ ಕೈ ಮೊದಲು ಹೋಗುವುದು ರೂಟರಿನ ಸ್ವಿಚ್ಚಿಗೆ. ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ನೆಟ್ ಬಂದೂಬಿಡುತ್ತದೆ. ತೊಂದರೆ ಇರುವುದೇ ಅಲ್ಲಿ. ಏನು ಕೆಟ್ಟಿತ್ತು ಎಂಬ ಗುರುತು ಅಳಿಸಿಹೋಗುತ್ತದೆ, ನಾಲ್ಕು ದಿನ ಬಿಟ್ಟು ಅದೇ ಕಾಟ ಮರಳುತ್ತದೆ. ಸ್ವಿಚ್ ಮುಟ್ಟುವ ಮೊದಲು ಐದು ನಿಮಿಷ ಕಪ್ಪು ಪರದೆಯ ಮುಂದೆ ಕೂತರೆ ದೋಷ ನಿಮ್ಮ ಕಂಪ್ಯೂಟರಿನಲ್ಲಿದೆಯೋ, ಮನೆಯೊಳಗಿದೆಯೋ, ನೆಟ್ ಕೊಡುವ ಕಂಪನಿಯವರ ಕಡೆಯೋ ಎಂಬುದಾದರೂ ತೀರ್ಮಾನವಾಗುತ್ತದೆ.

ಇಲ್ಲಿನ ವಿವರ ವಿಂಡೋಸ್ 10 ಮತ್ತು 11ಕ್ಕೆ. ಸ್ಟಾರ್ಟ್ ಒತ್ತಿ ‘ಸಿಎಂಡಿ’ ಎಂದು ಹೊಡೆದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದೆ. ಹೊಡೆಯುವಾಗ ಇಂಗ್ಲಿಷ್ ಅಕ್ಷರ ಬಳಸಿ, ಖಾಲಿ ಜಾಗ, ಗೆರೆ, ಓರೆಗೆರೆಗಳನ್ನು ಇದ್ದ ಹಾಗೇ ಇಡಿ.

ಮೊದಲು ವಿಳಾಸ ನೋಡಿ

ಐಪಿಕಾನ್ಫಿಗ್ /ಆಲ್

ಉದ್ದದ ಪಟ್ಟಿ ಬರುತ್ತದೆ. ವರ್ಚುವಲ್ ಅಡಾಪ್ಟರ್, ಬ್ಲೂಟೂತ್ ಮೊದಲಾದವನ್ನೆಲ್ಲ ಬಿಟ್ಟು, ನೀವು ಬಳಸುತ್ತಿರುವ ವೈಫೈ ಅಥವಾ ಈಥರ್ನೆಟ್ ಭಾಗಕ್ಕೆ ಇಳಿಯಿರಿ. ಅಲ್ಲಿ ‘ಮೀಡಿಯಾ ಡಿಸ್ಕನೆಕ್ಟೆಡ್’ ಎಂದಿದ್ದರೆ ಕೇಬಲ್ಲೇ ಕೂತಿಲ್ಲ ಅಥವಾ ವೈಫೈ ಸೇರಿಲ್ಲ. ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಇಲ್ಲದಿದ್ದರೆ ನಾಲ್ಕು ಸಾಲು ಬರೆದುಕೊಳ್ಳಿ: ಐಪಿವಿ4 ಅಡ್ರೆಸ್, ಡೀಫಾಲ್ಟ್ ಗೇಟ್‌ವೇ, ಡಿಎಚ್‌ಸಿಪಿ ಸರ್ವರ್ (ವಿಳಾಸ ಹಂಚುವ ಸಾಧನ, ಮನೆಯಲ್ಲಿ ಸಾಮಾನ್ಯವಾಗಿ ರೂಟರೇ), ಡಿಎನ್‌ಎಸ್ ಸರ್ವರ್ಸ್.

ವಿಳಾಸ 169.254 ಎಂದು ಶುರುವಾಗಿದ್ದರೆ ಅರ್ಧ ಕೆಲಸ ಮುಗಿಯಿತು. ಇದು ರೂಟರ್ ಕೊಟ್ಟ ವಿಳಾಸವಲ್ಲ. ‘ನನಗೊಂದು ವಿಳಾಸ ಕೊಡಿ’ ಎಂದು ಕಂಪ್ಯೂಟರ್ ಕೂಗಿ, ಯಾರೂ ಉತ್ತರ ಕೊಡದಿದ್ದಾಗ ವಿಂಡೋಸ್ ತಾನೇ ಹಾಕಿಕೊಂಡ ವಿಳಾಸ. ಇದರಿಂದ ಮನೆಯ ಹೊರಗೆ ಹೋಗಲಾಗದು. ಮತ್ತೆ ಕೇಳಿನೋಡಲು:

ಐಪಿಕಾನ್ಫಿಗ್ /ರಿಲೀಸ್
ಐಪಿಕಾನ್ಫಿಗ್ /ರಿನ್ಯೂ

ಆಗಲೂ 169.254 ಬಂದರೆ, ಅದೇ ವೈಫೈಗೆ ಫೋನ್ ಸೇರಿಸಿ ನೋಡಿ. ಫೋನಿಗೆ ವಿಳಾಸ ಸಿಕ್ಕರೆ ದೋಷ ಈ ಕಂಪ್ಯೂಟರಿನದು, ಹೆಚ್ಚಾಗಿ ಡ್ರೈವರ್ ಇಲ್ಲವೇ ಫೈರ್‌ವಾಲ್. ಫೋನಿಗೂ ಸಿಗದಿದ್ದರೆ ರೂಟರಿನದು. ಪಿಜಿ ಮತ್ತು ಸಣ್ಣ ಆಫೀಸುಗಳಲ್ಲಿ ಇದರ ಇನ್ನೊಂದು ರೂಪವಿದೆ: ಬೆಳಿಗ್ಗೆ ಬೇಗ ಬಂದವರಿಗೆಲ್ಲ ನೆಟ್ ಇರುತ್ತದೆ, ತಡವಾಗಿ ಬಂದವರಿಗೆ ಇರುವುದಿಲ್ಲ. ಹಂಚಲು ರೂಟರಿನಲ್ಲಿ 192.168.1.100ರಿಂದ 149ರವರೆಗೆ 50 ವಿಳಾಸ ಇಟ್ಟಿದ್ದಾರೆ ಅನ್ನಿ. 30 ಜನ ತಲಾ ಒಂದು ಫೋನ್, ಒಂದು ಲ್ಯಾಪ್‌ಟಾಪ್ ತಂದರೆ 60 ಬೇಕು. ಮನೆಗೆ ಹೋದವರ ಫೋನಿನ ವಿಳಾಸವನ್ನೂ ರೂಟರ್ 24 ಗಂಟೆ ಹಿಡಿದಿಟ್ಟುಕೊಂಡಿದ್ದರೆ ಕೊರತೆ ಇನ್ನೂ ಹೆಚ್ಚು. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ವ್ಯಾಪ್ತಿ ಹಿಗ್ಗಿಸಿ, ವಿಳಾಸ ಹಿಡಿದಿಡುವ ಅವಧಿಯನ್ನು, ಅಂದರೆ ಲೀಸ್ ಟೈಮನ್ನು, ಎರಡು ಗಂಟೆಗೆ ಇಳಿಸಿದರೆ ಸಾಕು.

ಇದಕ್ಕಿಂತ ಕಾಡುವ ದೋಷ ಇನ್ನೊಂದಿದೆ. ವಿಳಾಸ ಚೆನ್ನಾಗೇ ಕಾಣುತ್ತದೆ, 192.168.0.105 ಎಂದೇನೋ. ಆದರೆ ಪಕ್ಕದ ಮೇಜಿನವರದು 192.168.1.23. ಅವರಿಗೆ ನೆಟ್ ಬರುತ್ತದೆ, ನಿಮಗಿಲ್ಲ. ನಾಳೆ ಇದೇ ತಿರುಗಮುರುಗ. ಇಲ್ಲಿ ಡಿಎಚ್‌ಸಿಪಿ ಸರ್ವರ್ ಎಂಬ ಸಾಲೇ ಕಳ್ಳನನ್ನು ಹಿಡಿದುಕೊಡುವುದು. ನಿಮ್ಮದರಲ್ಲಿ ಅದು 192.168.0.1, ಅವರದರಲ್ಲಿ 192.168.1.1 ಎಂದಿದ್ದರೆ ಒಂದೇ ಜಾಲದಲ್ಲಿ ಇಬ್ಬರು ವಿಳಾಸ ಹಂಚುತ್ತಿದ್ದಾರೆ. ಯಾರೋ ಹಳೆಯ ರೂಟರ್ ತಂದು, ‘ವೈಫೈ ಚೆನ್ನಾಗಿ ಬರಲಿ’ ಎಂದು ಅದರ ಲ್ಯಾನ್ ಪೋರ್ಟಿಗೆ ಆಫೀಸಿನ ಕೇಬಲ್ ಸಿಕ್ಕಿಸಿರುತ್ತಾರೆ. ಯಾವ ರೂಟರಿನ ಉತ್ತರ ಮೊದಲು ಬಂತೋ ಅದರ ವಿಳಾಸವನ್ನು ಕಂಪ್ಯೂಟರ್ ಒಪ್ಪಿಕೊಳ್ಳುತ್ತದೆ. ಹಾಗಾಗಿ ದೋಷ ಒಂದು ದಿನ ಒಬ್ಬರಿಗೆ, ಇನ್ನೊಂದು ದಿನ ಇನ್ನೊಬ್ಬರಿಗೆ. ಆ ಹಳೆಯ ರೂಟರಿನಲ್ಲಿ ಡಿಎಚ್‌ಸಿಪಿ ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು 192.168.1.2ರಂಥ ಖಾಲಿ ವಿಳಾಸಕ್ಕೆ ಬದಲಿಸಿ. ಆಮೇಲೆ ಅದು ಬರೀ ವೈಫೈ ಹಂಚಿಕೊಂಡು ತೆಪ್ಪಗಿರುತ್ತದೆ.

‘ಡಿಎಚ್‌ಸಿಪಿ ಎನೇಬಲ್ಡ್’ ಎದುರು ‘ನೋ’ ಎಂದಿದ್ದರೆ ವಿಳಾಸವನ್ನು ಯಾರೋ ಕೈಯಾರೆ ಬರೆದಿದ್ದಾರೆ. ಆಫೀಸಿಗೆಂದು ಬರೆದ ವಿಳಾಸ ಮನೆಯಲ್ಲಿ ನಡೆಯುವುದಿಲ್ಲ. ಅಷ್ಟೇ ವಿಷಯ.

ಗೇಟ್‌ವೇಗೆ ಪಿಂಗ್: ಉತ್ತರದ ಪದಪದ ಓದಿ

ಗೇಟ್‌ವೇ ಎಂದರೆ ನಿಮ್ಮ ರೂಟರ್. ಬರೆದುಕೊಂಡ ವಿಳಾಸಕ್ಕೆ ಒಂದು ಕೂಗು ಹಾಕಿ:

ಪಿಂಗ್ 192.168.1.1

ಈ ಸಣ್ಣ ಪ್ರೋಗ್ರಾಮನ್ನು ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಬರೆದದ್ದು. ಜಲಾಂತರ್ಗಾಮಿಯ ಸೋನಾರ್ ಹೊರಡಿಸುವ ಸದ್ದಿನಿಂದ ಹೆಸರು ಬಂತು. ಕೂಗು ಹಾಕುವುದು, ಮಾರ್ದನಿಗೆ ಕಾಯುವುದು, ಹೊತ್ತು ಅಳೆಯುವುದು, ಇಷ್ಟೇ ಇದರ ಕೆಲಸ. ವಿಂಡೋಸ್‌ನಲ್ಲಿ 32 ಬೈಟ್‌ಗಳ ನಾಲ್ಕು ಪ್ಯಾಕೆಟ್ (ಮಾಹಿತಿಯ ಪೊಟ್ಟಣ) ಕಳಿಸಿ ನಿಲ್ಲುತ್ತದೆ. ಕೇಬಲ್‌ನಲ್ಲಿ ಉತ್ತರ 1 ಮಿಲಿಸೆಕೆಂಡಿನ ಒಳಗೆ, ಒಳ್ಳೆಯ ವೈಫೈನಲ್ಲಿ 1ರಿಂದ 5ರೊಳಗೆ ಬರಬೇಕು.

ಉತ್ತರ ಬರದಿದ್ದಾಗ ಬರುವ ಸಂದೇಶಗಳನ್ನು ಎಲ್ಲರೂ ಒಂದೇ ಎಂದುಕೊಳ್ಳುತ್ತಾರೆ. ಒಂದಲ್ಲ.

‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ ಪ್ಯಾಕೆಟ್ ಹೊರಟಿತು, 4 ಸೆಕೆಂಡ್ ಕಾದರೂ ಮಾರ್ದನಿ ಬರಲಿಲ್ಲ. ಎದುರಿನವರು ಬೇಕೆಂದೇ ಸುಮ್ಮನಿರಬಹುದು, ದಾರಿಯಲ್ಲಿ ಕಳೆದೂ ಹೋಗಿರಬಹುದು. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದರೆ ಬೇರೆ ಕಥೆ. ಅಲ್ಲಿ ‘ರಿಪ್ಲೈ ಫ್ರಮ್’ ಎಂಬುದರ ಮುಂದೆ ಯಾರ ವಿಳಾಸವಿದೆ ಎಂದು ನೋಡಬೇಕು. ನಿಮ್ಮದೇ ಕಂಪ್ಯೂಟರಿನ ವಿಳಾಸವಿದ್ದರೆ, ‘ಈ ವಿಳಾಸದವರು ಯಾರು?’ ಎಂದು ನಿಮ್ಮ ಕಂಪ್ಯೂಟರ್ ಜಾಲದಲ್ಲೆಲ್ಲ ಕೇಳಿತು, ಯಾರೂ ಓಗೊಡಲಿಲ್ಲ ಎಂದರ್ಥ. ಅಂದರೆ ರೂಟರಿಗೂ ನಿಮಗೂ ನಡುವಿನ ಕೊಂಡಿಯೇ ಕಡಿದಿದೆ. ರೂಟರಿನ ವಿಳಾಸವಿದ್ದರೆ ನೀವು ರೂಟರ್ ತಲುಪಿದ್ದೀರಿ, ಅಲ್ಲಿಂದ ಮುಂದೆ ದಾರಿಯಿಲ್ಲ. ‘ಜನರಲ್ ಫೇಲ್ಯೂರ್’ ಎಂದಿದ್ದರೆ ಪ್ಯಾಕೆಟ್ ನಿಮ್ಮ ಯಂತ್ರವನ್ನು ಬಿಟ್ಟೇ ಇಲ್ಲ. ವಿಪಿಎನ್, ಆಂಟಿವೈರಸ್, ಡ್ರೈವರ್ ಕಡೆ ತಿರುಗಿ.

ಇಲ್ಲೊಂದು ಮೋಸವಿದೆ. ‘ಅನ್‌ರೀಚಬಲ್’ ಎಂಬ ಉತ್ತರವನ್ನೂ ವಿಂಡೋಸ್ ‘ಬಂದ ಉತ್ತರ’ ಎಂದೇ ಎಣಿಸುತ್ತದೆ. ನಾಲ್ಕಕ್ಕೆ ನಾಲ್ಕೂ ಸೋತಿದ್ದರೂ ಕೊನೆಯಲ್ಲಿ ‘ಲಾಸ್ಟ್ = 0, 0% ಲಾಸ್’ ಎಂದು ಅಚ್ಚಾಗುತ್ತದೆ. ಕೊನೆಯ ಸಾಲು ಮಾತ್ರ ಓದುವ ಅಭ್ಯಾಸವಿರುವವರು ಇಲ್ಲಿ ಪ್ರತಿಸಲ ಬೀಳುತ್ತಾರೆ.

ರೂಟರ್ ಸಿಗದಿದ್ದರೆ ‘ಎಆರ್‌ಪಿ -ಎ’ ಹೊಡೆಯಿರಿ. ಗೇಟ್‌ವೇ ವಿಳಾಸದ ಎದುರು ಆರು ಜೋಡಿ ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸ (ಸಾಧನದ ಸ್ವಂತ ಗುರುತು) ಇರಬೇಕು, ಅದು ಸಾಮಾನ್ಯವಾಗಿ ರೂಟರಿನ ಅಡಿಯ ಚೀಟಿಯಲ್ಲಿರುವುದಕ್ಕೆ ಹೊಂದಬೇಕು; ಕೊನೆಯ ಒಂದೆರಡು ಅಂಕಿ ಹೆಚ್ಚುಕಮ್ಮಿ ಇದ್ದರೆ ಪರವಾಗಿಲ್ಲ. ಪೂರಾ ಬೇರೆಯೇ ಇದ್ದರೆ ಆ ವಿಳಾಸವನ್ನು ಮತ್ತೊಂದು ಸಾಧನ ಹಾಕಿಕೊಂಡು ಕೂತಿದೆ. ಹೊಸದಾಗಿ ಹಾಕಿದ ಸಿಸಿಟಿವಿ ಡಿವಿಆರ್‌ಗೆ ಕೈಯಾರೆ 192.168.1.1 ಬರೆದುಬಿಟ್ಟಾಗ ಹೀಗಾಗುತ್ತದೆ.

ಎರಡು ಕಿಟಕಿಯ ಪರೀಕ್ಷೆ

ಬಂದು ಬಂದು ಹೋಗುವ ನೆಟ್ಟಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಎರಡು ಕಮಾಂಡ್ ಪ್ರಾಂಪ್ಟ್ ತೆರೆದು ಪಕ್ಕಪಕ್ಕ ಇಡಿ. ಒಂದರಲ್ಲಿ ರೂಟರ್, ಇನ್ನೊಂದರಲ್ಲಿ ಹೊರಗಿನ ಲೋಕ:

ಪಿಂಗ್ -ಟಿ 192.168.1.1
ಪಿಂಗ್ -ಟಿ 8.8.8.8

‘-ಟಿ’ ಹಾಕಿದರೆ ನಿಲ್ಲಿಸು ಎನ್ನುವವರೆಗೂ ಓಡುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ. ಕಂಟ್ರೋಲ್ ಜೊತೆ ಬ್ರೇಕ್ ಕೀಲಿ ಒತ್ತಿದರೆ ಓಟ ನಿಲ್ಲಿಸದೆಯೇ ಅಲ್ಲಿಯವರೆಗಿನ ಲೆಕ್ಕ ಸಿಗುತ್ತದೆ. 8.8.8.8 ಗೂಗಲ್‌ನ ಡಿಎನ್‌ಎಸ್ ಸರ್ವರ್. ಹೆಸರಿನ ಬದಲು ಅಂಕಿಯನ್ನೇ ಕೊಡುವುದರಿಂದ ಈ ಪರೀಕ್ಷೆಗೆ ಡಿಎನ್‌ಎಸ್ ದೋಷ ಬೆರೆಯುವುದಿಲ್ಲ.

ನೆಟ್ ನಿಂತ ಗಳಿಗೆಯಲ್ಲಿ ಎರಡೂ ಕಿಟಕಿ ಒಟ್ಟಿಗೆ ‘ಟೈಮ್ಡ್ ಔಟ್’ ಎಂದರೆ ದೋಷ ಮನೆಯೊಳಗೆ: ವೈಫೈ, ಕೇಬಲ್ ಅಥವಾ ರೂಟರ್. ರೂಟರಿನ ಕಿಟಕಿ 2, 2, 3 ಎಂದು ಆರಾಮಾಗಿ ಓಡುತ್ತಿದ್ದು ಹೊರಗಿನದು ಮಾತ್ರ ನಿಂತರೆ ದೋಷ ರೂಟರಿನಿಂದಾಚೆ. ಆಗ ಎದ್ದುಹೋಗಿ ಫೈಬರ್ ಡಬ್ಬಿಯ ದೀಪ ನೋಡಿ. ಎಲ್‌ಒಎಸ್ ಎಂಬಲ್ಲಿ ಕೆಂಪು ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಫೈಬರ್ ಎಲ್ಲೋ ಮುರಿದಿದೆ ಅಥವಾ ತೀರಾ ಮಡಿಚಿಕೊಂಡಿದೆ. ಇನ್ನು ಕಮಾಂಡ್ ಹೊಡೆಯುವ ಅಗತ್ಯವಿಲ್ಲ, ಫೋನ್ ಮಾಡಿ.

ರೂಟರಿನ ಕಿಟಕಿಯೇ 3, 4, 180, 3, 410 ಎಂದು ಕುಣಿಯುತ್ತಿದ್ದರೆ ವೈಫೈ ಮೇಲೆ ಅನುಮಾನ ಪಡಿ:

ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್

ಲೊಕೇಶನ್ ಅನುಮತಿ ಕೇಳಿದರೆ ಕೊಡಿ. ಹೊಸ ವಿಂಡೋಸ್ ಅದಿಲ್ಲದೆ ವೈಫೈ ವಿವರ ಬಿಟ್ಟುಕೊಡುವುದಿಲ್ಲ. ‘ಸಿಗ್ನಲ್’ ಸಾಲಿನಲ್ಲಿ ಶೇಕಡಾ ಇರುತ್ತದೆ. ವಿಂಡೋಸ್ ಲೆಕ್ಕದಲ್ಲಿ -50 ಡಿಬಿಎಂ (ಸಿಗ್ನಲ್ ಬಲದ ಅಳತೆ) ಎಂದರೆ 100, -100 ಎಂದರೆ ಸೊನ್ನೆ. ಹಾಗಾಗಿ ‘50%’ ಕಂಡು ಅರ್ಧ ಇದೆಯಲ್ಲ ಎಂದು ಸಮಾಧಾನಪಡಬೇಡಿ, ಅದು -75 ಡಿಬಿಎಂ, ವಿಡಿಯೊ ಕರೆಗೆ ತಡಬಡಾಯಿಸುವ ಮಟ್ಟ. 70ರ ಮೇಲಿದ್ದರೆ ನೆಮ್ಮದಿ. ಸಿಗ್ನಲ್ 90 ಇದ್ದೂ ಕುಣಿತ ನಿಲ್ಲದಿದ್ದರೆ ಅಕ್ಕಪಕ್ಕದ ಮನೆಯವರ ಗದ್ದಲ. ಚಾನೆಲ್ ಸಾಲಿನಲ್ಲಿ 1ರಿಂದ 13ರೊಳಗಿನ ಅಂಕಿ ಇದ್ದರೆ ನೀವು 2.4 ಗಿಗಾಹರ್ಟ್ಸ್‌ನಲ್ಲಿದ್ದೀರಿ, ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ರೂಟರ್ ಈ ಮೂರನ್ನೇ ಹಂಚಿಕೊಂಡಿರುತ್ತವೆ. ಸಾಧ್ಯವಾದರೆ 5 ಗಿಗಾಹರ್ಟ್ಸ್‌ಗೆ ಹೋಗಿ.

ಹೆಸರು ಬಿಡಿಸುವವನು ಕೈಕೊಟ್ಟಾಗ

8.8.8.8ರಿಂದ ಉತ್ತರ ಬರುತ್ತಿದೆ, ಆದರೂ ಯಾವ ತಾಣವೂ ತೆರೆಯುತ್ತಿಲ್ಲ. ತಾಣದ ಹೆಸರಿಗೆ ಪಿಂಗ್ ಕೊಟ್ಟರೆ ‘ಕುಡ್ ನಾಟ್ ಫೈಂಡ್ ಹೋಸ್ಟ್’. ಇದು ಡಿಎನ್‌ಎಸ್ ದೋಷದ ಖಚಿತ ಲಕ್ಷಣ. ಒಂದೇ ಹೆಸರನ್ನು ಇಬ್ಬರ ಬಳಿ ಕೇಳಿ ಹೋಲಿಸಿ:

ಎನ್‌ಎಸ್‌ಲುಕಪ್ ಕೆಎನ್.ವಿಕಿಪೀಡಿಯಾ.ಆರ್ಗ್
ಎನ್‌ಎಸ್‌ಲುಕಪ್ ಕೆಎನ್.ವಿಕಿಪೀಡಿಯಾ.ಆರ್ಗ್ 1.1.1.1

ಮೊದಲನೆಯದು ನಿಮ್ಮ ಈಗಿನ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಎರಡನೆಯದು ಕ್ಲೌಡ್‌ಫ್ಲೇರ್‌ನದನ್ನು. ಮೊದಲನೆಯದು ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು, ಎರಡನೆಯದು ವಿಳಾಸ ಕೊಟ್ಟರೆ ಅಡಾಪ್ಟರಿನ ಅಥವಾ ರೂಟರಿನ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಬದಲಿಸಿದರೆ ಮುಗಿಯಿತು. ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ಬದಲಿಸುವ ಮುನ್ನ ಯೋಚಿಸಿ: ಒಳಗಿನ ಸರ್ವರ್, ಪ್ರಿಂಟರುಗಳ ಹೆಸರು ಆಫೀಸಿನ ಡಿಎನ್‌ಎಸ್‌ಗಷ್ಟೇ ಗೊತ್ತು. ಹೊರಗಿನದಕ್ಕೆ ಬದಲಿಸಿದರೆ ಯೂಟ್ಯೂಬ್ ಓಡುತ್ತದೆ, ಟ್ಯಾಲಿ ಸರ್ವರ್ ಸಿಗುವುದಿಲ್ಲ.

ಈ ಕಮಾಂಡಿನ ಉತ್ತರದಲ್ಲಿ ‘ಸರ್ವರ್: ಅನ್‌ನೋನ್’, ‘ನಾನ್-ಅಥಾರಿಟೇಟಿವ್ ಆನ್ಸರ್’ ಎಂದು ಕಂಡರೆ ಗಾಬರಿ ಬೇಡ. ಮೊದಲನೆಯದಕ್ಕೆ ಅರ್ಥ ಡಿಎನ್‌ಎಸ್ ಸರ್ವರಿನ ಅಂಕಿಗೆ ಹೆಸರು ಸಿಗಲಿಲ್ಲ ಎಂದು. ಎರಡನೆಯದಕ್ಕೆ ಉತ್ತರ ಮೂಲ ಸರ್ವರಿನಿಂದಲ್ಲ, ನೆನಪಿನಿಂದ ಬಂತು ಎಂದು. ಎರಡೂ ದೋಷವಲ್ಲ.

ಎನ್‌ಎಸ್‌ಲುಕಪ್ ಒಂದು ವಿಳಾಸ ಹೇಳಿ, ಪಿಂಗ್ ಅದೇ ಹೆಸರಿಗೆ ಬೇರೆ ವಿಳಾಸ ಹಿಡಿದರೆ? ಎನ್‌ಎಸ್‌ಲುಕಪ್ ನೇರ ಸರ್ವರನ್ನೇ ಕೇಳುತ್ತದೆ. ಪಿಂಗ್ ಮತ್ತು ಬ್ರೌಸರ್ ಮಾತ್ರ ಕಂಪ್ಯೂಟರಿನ ನೆನಪು ಮತ್ತು ಹೆಸರು-ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲನ್ನು ಮೊದಲು ನೋಡುತ್ತವೆ. ನೆನಪು ತೊಳೆಯಲು ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’. ಆಮೇಲೂ ವ್ಯತ್ಯಾಸ ಉಳಿದರೆ ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಂ32, ಡ್ರೈವರ್ಸ್, ಇಟಿಸಿ ಎಂದು ಇಳಿದು ಹೋಸ್ಟ್ಸ್ ಫೈಲ್ ತೆರೆಯಿರಿ. ಮುಂದೆ ಹ್ಯಾಶ್ ಗುರುತಿಲ್ಲದ, ನೀವು ಬರೆಯದ ಸಾಲಿದ್ದರೆ ಕೀಟಲೆ ಅಲ್ಲೇ. ಕದ್ದ ಸಾಫ್ಟ್‌ವೇರಿನ ಕ್ರ್ಯಾಕ್‌ಗಳು ಬಿಟ್ಟುಹೋಗುವ ಕಸ ಬಹುಪಾಲು ಇದೇ ಫೈಲಿನಲ್ಲಿರುತ್ತದೆ.

ಪಿಂಗ್ ಸರಿ, ಡಿಎನ್‌ಎಸ್ ಸರಿ, ಆದರೂ ಪುಟ ತೆರೆಯದು

ನಿಜವಾಗಿ ತಲೆ ತಿನ್ನುವ ದೋಷಗಳು ಇಲ್ಲಿವೆ. ಪಿಂಗ್ ಎಂಬುದು ಸಣ್ಣ ಪ್ಯಾಕೆಟ್ಟು, ವೆಬ್ ಪುಟದ್ದು ದೊಡ್ಡದು. ಪಿಂಗ್ ದಾಟುವ ಸಂದಿಯಲ್ಲಿ ಪುಟ ಸಿಕ್ಕಿಕೊಳ್ಳಬಹುದು. ಲಕ್ಷಣ ಹೀಗಿರುತ್ತದೆ: ಕೆಲವು ತಾಣ ಸಲೀಸು, ಕೆಲವು ಬಿಳಿ ಪುಟದಲ್ಲೇ ಸುತ್ತುತ್ತವೆ, ಮೇಲ್ ಓದಬಹುದು ಆದರೆ ಫೈಲ್ ಲಗತ್ತಿಸಿದರೆ ಹೋಗುವುದಿಲ್ಲ.

ಈಥರ್ನೆಟ್ ಪ್ಯಾಕೆಟ್ಟಿನ ಮಿತಿ 1500 ಬೈಟ್. ನಮ್ಮಲ್ಲಿ ಅನೇಕ ಫೈಬರ್ ಸಂಪರ್ಕಗಳು ಯೂಸರ್ ನೇಮ್, ಪಾಸ್‌ವರ್ಡ್ ಕೇಳುವ ಪಿಪಿಪಿಒಇ ವಿಧಾನದವು. ಅದು 8 ಬೈಟ್ ತಾನು ಇಟ್ಟುಕೊಳ್ಳುತ್ತದೆ, ಉಳಿಯುವುದು 1492. 1500ರ ಪ್ಯಾಕೆಟ್ ಬಂದರೆ ‘ದೊಡ್ಡದಾಯಿತು, ಚಿಕ್ಕದು ಕಳಿಸು’ ಎಂದು ದಾರಿಯ ಸಾಧನ ಹಿಂದಕ್ಕೆ ಹೇಳಬೇಕು. ಆ ಸಂದೇಶವನ್ನೇ ಯಾವುದೋ ಫೈರ್‌ವಾಲ್ ನುಂಗಿದರೆ ಎರಡೂ ತುದಿಯವರು ಕಾಯುತ್ತಲೇ ಇರುತ್ತಾರೆ. ಅಳೆಯುವುದು ಹೀಗೆ:

ಪಿಂಗ್ -ಎಫ್ -ಎಲ್ 1472 1.1.1.1

‘-ಎಫ್’ ಎಂದರೆ ತುಂಡು ಮಾಡಬೇಡ, ‘-ಎಲ್’ ಗಾತ್ರ. 1472ಕ್ಕೆ 28 ಬೈಟ್ ಹೆಡರ್ ಸೇರಿ 1500. ‘ಪ್ಯಾಕೆಟ್ ನೀಡ್ಸ್ ಟು ಬಿ ಫ್ರಾಗ್ಮೆಂಟೆಡ್’ ಎಂದು ಬಂದರೆ ಅಥವಾ ಉತ್ತರವೇ ಬಾರದಿದ್ದರೆ 1464 ಹಾಕಿ; ಪಿಪಿಪಿಒಇ ಆದರೆ ಅಲ್ಲಿಗೆ ದಾಟುತ್ತದೆ. ದಾಟದಿದ್ದರೆ 1400ಕ್ಕೆ ಇಳಿದು, ದಾಟಿದ ಮೇಲೆ ಅರ್ಧರ್ಧ ಏರುತ್ತ ಬನ್ನಿ. ದಾಟಿದ ಅತಿ ದೊಡ್ಡ ಅಂಕಿಗೆ 28 ಕೂಡಿಸಿ, ರೂಟರಿನ ವ್ಯಾನ್ (ಹೊರಗಿನ ಸಂಪರ್ಕದ) ಪುಟದಲ್ಲಿ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಎಂಬಲ್ಲಿ ಬರೆಯಿರಿ. ಸಂದೇಶ ಬಂದದ್ದಷ್ಟಕ್ಕೇ ದೋಷ ಸಿಕ್ಕಿತು ಎನ್ನಬೇಡಿ: ಸಂದೇಶ ಬರುವುದು ಆರೋಗ್ಯದ ಗುರುತು. 1472ಕ್ಕೆ ಸಂದೇಶವೂ ಇಲ್ಲ, ಉತ್ತರವೂ ಇಲ್ಲ, ಬರೀ ‘ಟೈಮ್ಡ್ ಔಟ್’ ಎಂದಾಗಲೇ ಕಾಯಿಲೆ. ಈ ಪರೀಕ್ಷೆಗೆ 8.8.8.8 ಬಳಸಬೇಡಿ, ಅದು ದೊಡ್ಡ ಪಿಂಗ್‌ಗೆ ಮೊಟಕು ಉತ್ತರ ಕೊಟ್ಟು ಗೊಂದಲ ಮಾಡುತ್ತದೆ.

ಗಾತ್ರದ ತೊಂದರೆ ಇಲ್ಲವೆಂದಾದರೆ ಬ್ರೌಸರ್ ಬಿಟ್ಟು, ಪುಟವನ್ನು ಕಮಾಂಡಿನಿಂದಲೇ ತರುವ ಕರ್ಲ್ ಹಿಡಿಯಿರಿ; ವಿಂಡೋಸ್ 10ರ 1803ನೇ ಆವೃತ್ತಿಯಿಂದ ಜೊತೆಯಲ್ಲೇ ಬರುತ್ತದೆ.

ಕರ್ಲ್ -ವಿ ಎಚ್‌ಟಿಟಿಪಿಎಸ್://ಕೆಎನ್.ವಿಕಿಪೀಡಿಯಾ.ಆರ್ಗ್

ಹಳೆಯ ಪವರ್‌ಶೆಲ್‌ನಲ್ಲಿ ಇದೇ ಹೆಸರಿಗೆ ಬೇರೆ ಕಮಾಂಡ್ ಎದ್ದು ಬರುತ್ತದೆ, ಅಲ್ಲಿ ‘ಕರ್ಲ್.ಇಎಕ್ಸ್‌ಇ’ ಎಂದೇ ಹೊಡೆಯಬೇಕು. ಎಲ್ಲಿ ನಿಂತಿತು ಎಂಬುದನ್ನು ಕರ್ಲ್ ಅಂಕಿಯಲ್ಲೇ ಹೇಳುತ್ತದೆ: 6 ಎಂದರೆ ಹೆಸರು ಸಿಗಲಿಲ್ಲ, 7 ಎಂದರೆ ಸಂಪರ್ಕ ಸಾಧ್ಯವಾಗಲಿಲ್ಲ, 28 ಎಂದರೆ ಕಾದು ಸಾಕಾಯಿತು. ಸರ್ಟಿಫಿಕೇಟಿನ (ತಾಣದ ಗುರುತಿನ ಚೀಟಿಯ) ಮಾತು ಎತ್ತಿದರೆ ಪರದೆಯ ಮೂಲೆಯ ತಾರೀಖು ನೋಡಿ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿರುವ ಸಿಆರ್2032 ಬಟನ್ ಸೆಲ್ ಸತ್ತರೆ, ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ‘ಈ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲ’ ಎಂದು ಎಲ್ಲ ತಾಣವೂ ಬಾಗಿಲು ಹಾಕುತ್ತದೆ. ಕೆಲವೇ ರೂಪಾಯಿಯ ಸೆಲ್ ಬದಲಿಸುವ ಬದಲು ವಿಂಡೋಸನ್ನೇ ಮರುಸ್ಥಾಪಿಸಿದವರು ಕಡಿಮೆಯಿಲ್ಲ.

ಕರ್ಲ್‌ನಲ್ಲಿ ಪುಟ ಬಂದು ಬ್ರೌಸರಿನಲ್ಲಿ ಬರದಿದ್ದರೆ ಜಾಲದ ದೋಷವಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟ ಮತ್ತು ಬ್ರೌಸರಿನ ಎಕ್ಸ್‌ಟೆನ್ಶನ್‌ಗಳನ್ನು ನೋಡಿ.

ಇಲ್ಲಿ ಐಪಿವಿ6ರ, ಅಂದರೆ ಐಪಿವಿ4ರ ನಂತರ ಬಂದ ಉದ್ದ ವಿಳಾಸದ ಮಾತು ಬರುತ್ತದೆ. ಎರಡೂ ಇದ್ದಾಗ ವಿಂಡೋಸ್ ಸಾಮಾನ್ಯವಾಗಿ ಅದನ್ನೇ ಮೊದಲು ಹಿಡಿಯುತ್ತದೆ. ‘ಪಿಂಗ್ -6 2001:4860:4860::8888’ ಸೋತು, ‘ಪಿಂಗ್ -4 8.8.8.8’ ಗೆದ್ದರೆ, ಮತ್ತು ಐಪಿಕಾನ್ಫಿಗ್‌ನಲ್ಲಿ 2ರಿಂದ ಶುರುವಾಗುವ ಐಪಿವಿ6 ವಿಳಾಸ ಇದ್ದೂ ಹೀಗಾದರೆ, ಐಪಿವಿ6ರ ದಾರಿ ಅರ್ಧಕ್ಕೆ ಕಡಿದಿದೆ. ರೂಟರಿನಲ್ಲಿ ಅದನ್ನು ಸದ್ಯಕ್ಕೆ ನಿಲ್ಲಿಸಿ, ಕಂಪನಿಗೆ ತಿಳಿಸಿ.

ಟ್ರೇಸರ್ಟ್ ನೋಡಿ ಮೋಸಹೋಗಬೇಡಿ

ಟ್ರೇಸರ್ಟ್ -ಡಿ 8.8.8.8

ದಾರಿಯ ಒಂದೊಂದು ನಿಲ್ದಾಣಕ್ಕೂ ಮೂರು ಸಲ ಕೂಗಿ ಹೊತ್ತು ತೋರಿಸುತ್ತದೆ. ‘-ಡಿ’ ಹಾಕಿದರೆ ಹೆಸರು ಹುಡುಕುತ್ತ ಕೂರುವುದಿಲ್ಲ, ಬೇಗ ಮುಗಿಯುತ್ತದೆ. ಮೊದಲ ಸಾಲು ನಿಮ್ಮ ರೂಟರ್. ಎರಡನೆಯದೂ 192.168 ಎಂದಿದ್ದರೆ ಕಂಪನಿಯ ಡಬ್ಬಿಯೂ ರೂಟರ್, ಅದರ ಹಿಂದೆ ನೀವಿಟ್ಟದ್ದೂ ರೂಟರ್. ಬ್ರೌಸಿಂಗ್‌ಗೆ ತೊಂದರೆಯಿಲ್ಲ, ಆನ್‌ಲೈನ್ ಆಟಕ್ಕೆ, ಹೊರಗಿನಿಂದ ಕ್ಯಾಮೆರಾ ನೋಡಲಿಕ್ಕೆ ತೊಂದರೆ. 100.64ರಿಂದ 100.127ರವರೆಗಿನ ವಿಳಾಸ ಕಂಡರೆ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದೆ ಎನ್ನಬಹುದು. ಆಗ ನೀವು ರೂಟರಿನಲ್ಲಿ ಎಷ್ಟೇ ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಯಾರೂ ಒಳಗೆ ಬರಲಾರರು. ಸ್ಟಾಟಿಕ್ ಐಪಿ (ನಿಮಗೆಂದೇ ಇರುವ ಬದಲಾಗದ ಹೊರ ವಿಳಾಸ) ಕೇಳಿ ಪಡೆಯುವುದೊಂದೇ ನೇರ ದಾರಿ.

ನಡುವಿನ ಸಾಲಿನಲ್ಲಿ ಮೂರು ನಕ್ಷತ್ರ ಕಂಡ ತಕ್ಷಣ ‘ಇಲ್ಲೇ ಕಡಿದಿದೆ’ ಎನ್ನುವುದು ತಪ್ಪು. ನಡುವಿನ ರೂಟರುಗಳಿಗೆ ಪ್ಯಾಕೆಟ್ ಸಾಗಿಸುವುದು ಕೆಲಸ, ನಿಮ್ಮ ಕೂಗಿಗೆ ಓಗೊಡುವುದು ಬಿಡುವಿದ್ದರೆ. 5ನೇ ಸಾಲಿನಲ್ಲಿ 190 ಮಿಲಿಸೆಕೆಂಡ್, 6ನೆಯದರಲ್ಲಿ 14, ಕೊನೆಯಲ್ಲಿ 15 ಎಂದಿದ್ದರೆ 5ನೆಯದಕ್ಕೆ ಯಾವ ರೋಗವೂ ಇಲ್ಲ. ಒಂದು ಸಾಲಿನಲ್ಲಿ ಏರಿದ ಹೊತ್ತು ಅಲ್ಲಿಂದ ಕೊನೆಯವರೆಗೂ ಇಳಿಯದೆ ಉಳಿದರೆ ಮಾತ್ರ ಲೆಕ್ಕ. ಅದೂ ದೂರದ ಕಾರಣಕ್ಕಿರಬಹುದು: ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಬೆಂಗಳೂರಿನಿಂದ ಅಮೆರಿಕದ ಸರ್ವರಿಗೆ 200 ಮಿಲಿಸೆಕೆಂಡ್ ದಾಟಿದರೆ ಯಾರನ್ನೂ ದೂರುವಂತಿಲ್ಲ.

ನಿಲ್ದಾಣವಾರು ನಷ್ಟ ಬೇಕಾದರೆ ‘ಪಾತ್‌ಪಿಂಗ್ -ಎನ್ 8.8.8.8’. ಒಂದೊಂದಕ್ಕೂ 100 ಪ್ಯಾಕೆಟ್ ಕಳಿಸುತ್ತದೆ, ನಿಲ್ದಾಣಕ್ಕೆ 25 ಸೆಕೆಂಡ್; ಒಂಬತ್ತಿದ್ದರೆ 225 ಸೆಕೆಂಡ್ ಪರದೆ ಸುಮ್ಮನಿರುತ್ತದೆ. ಕೆಟ್ಟಿತು ಎಂದು ಮುಚ್ಚಬೇಡಿ.

ನೆಟ್ ಇದೆ, ವೇಗ 95ಕ್ಕೇ ನಿಂತಿದೆ

200 ಎಂಬಿಪಿಎಸ್ ಪ್ಲ್ಯಾನ್, ಕೇಬಲ್ ಹಾಕಿ ಅಳೆದರೆ ಎಷ್ಟು ಸಲ ನೋಡಿದರೂ 94 ಅಥವಾ 95. ಅಂಕಿ ಇಷ್ಟು ಕರಾರುವಾಕ್ಕಾಗಿ ನಿಂತರೆ ಕಂಪನಿಯ ಜಗಳಕ್ಕೆ ಹೋಗಬೇಡಿ. ಪವರ್‌ಶೆಲ್ ತೆರೆದು ‘ಗೆಟ್-ನೆಟ್‌ಅಡಾಪ್ಟರ್’ ಹೊಡೆಯಿರಿ. ಲಿಂಕ್‌ಸ್ಪೀಡ್ ಕೆಳಗೆ 1 ಜಿಬಿಪಿಎಸ್ ಬದಲು 100 ಎಂಬಿಪಿಎಸ್ ಇರುತ್ತದೆ. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಒಂದು ತಂತಿ ಕನೆಕ್ಟರಿನಲ್ಲಿ ಸರಿಯಾಗಿ ಕೂರದಿದ್ದರೆ, ಬಾಗಿಲ ಸಂದಿಯಲ್ಲಿ ಕೇಬಲ್ ಜಜ್ಜಿದ್ದರೆ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಕೇಬಲ್ ಬದಲಿಸಿ ಮತ್ತೆ ನೋಡಿ. ಬದಲಿಸಿದರೂ 100 ಎಂದರೆ ರೂಟರಿನ ಪೋರ್ಟೇ ಅಷ್ಟರದು. ಅಗ್ಗದ ಮಾದರಿಗಳಲ್ಲಿ ಹಾಗಿರುತ್ತದೆ.

ವಿಪಿಎನ್ ಬಿಟ್ಟುಹೋದ ದಾರಿ, ಮತ್ತು ರೀಸೆಟ್

‘ರೂಟ್ ಪ್ರಿಂಟ್ -4’ ಹೊಡೆದರೆ ದಾರಿಗಳ ಪಟ್ಟಿ ಬರುತ್ತದೆ. 0.0.0.0 ಎಂದು ಶುರುವಾಗುವ ಸಾಲು ‘ಉಳಿದದ್ದೆಲ್ಲ ಈ ಕಡೆ’ ಎಂಬ ದಾರಿ. ಅದು ಎರಡು ಇದ್ದರೆ ಮೆಟ್ರಿಕ್ (ದಾರಿಯ ಆದ್ಯತೆಯ ಅಂಕಿ) ಕಡಿಮೆ ಇರುವುದೇ ಗೆಲ್ಲುತ್ತದೆ. ಮುಚ್ಚಿದ ವಿಪಿಎನ್ ಅಥವಾ ಯುಎಸ್‌ಬಿಗೆ ಸಿಕ್ಕಿಸಿದ ಫೋನಿನ ದಾರಿ ಗೆದ್ದಿದ್ದರೆ ವೈಫೈ ಎಷ್ಟು ಚೆನ್ನಾಗಿದ್ದರೇನು, ಪ್ಯಾಕೆಟ್ ಅತ್ತಲೇ ಹೋಗುತ್ತಿರುತ್ತದೆ. ಆ ಅಡಾಪ್ಟರನ್ನು ಡಿಸೇಬಲ್ ಮಾಡಿ.

ಯಾವುದಕ್ಕೂ ಬಗ್ಗದಿದ್ದರೆ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು:

ನೆಟ್‌ಎಸ್‌ಎಚ್ ವಿನ್‌ಸಾಕ್ ರೀಸೆಟ್
ನೆಟ್‌ಎಸ್‌ಎಚ್ ಇಂಟ್ ಐಪಿ ರೀಸೆಟ್

ಬಳಿಕ ರೀಸ್ಟಾರ್ಟ್. ಎರಡನೆಯದು ಕೈಯಾರೆ ಬರೆದ ವಿಳಾಸಗಳನ್ನು ಅಳಿಸುತ್ತದೆ. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಪ್ರಿಂಟರಿಗೋಸ್ಕರ ಸ್ಥಿರ ವಿಳಾಸ ಇಟ್ಟಿರುತ್ತಾರೆ. ಐಪಿಕಾನ್ಫಿಗ್ ಪಟ್ಟಿಯ ಫೋಟೊ ತೆಗೆದುಕೊಳ್ಳದೆ ಇದನ್ನು ಹೊಡೆದರೆ ನೆಟ್ ಬಂದು ಬಿಲ್ ಬರುವುದು ನಿಲ್ಲುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳು ಈ ಎರಡು ಸಾಲನ್ನೇ ಮೊದಲ ಹೆಜ್ಜೆಯಾಗಿ ಕೊಡುತ್ತವೆ. ಅದು ಕೊನೆಯದಾಗಬೇಕು.

ಟಾಸ್ಕ್‌ಬಾರಿನ ಗೋಲದ ಚಿಹ್ನೆ ‘ನೋ ಇಂಟರ್ನೆಟ್’ ಎನ್ನುತ್ತಿದ್ದು ಎಲ್ಲ ತಾಣವೂ ತೆರೆಯುತ್ತಿದ್ದರೆ ಏನೂ ಮಾಡಬೇಡಿ. ವಿಂಡೋಸ್ ಮೈಕ್ರೋಸಾಫ್ಟಿನ ಒಂದು ಪುಟ್ಟ ಪರೀಕ್ಷಾ ಫೈಲ್ ತರಲು ನೋಡುತ್ತದೆ. ಫೈರ್‌ವಾಲ್ ಅದೊಂದನ್ನು ತಡೆದರೂ ಚಿಹ್ನೆ ಹಾಗೆ ಹೇಳುತ್ತದೆ.

ಲಿನಕ್ಸ್‌ನವರಿಗೆ ಕ್ರಮ ಇದೇ, ಹೆಸರು ಬೇರೆ: ವಿಳಾಸಕ್ಕೆ ‘ಐಪಿ ಎ’, ದಾರಿಗೆ ‘ಐಪಿ ಆರ್’, ಡಿಎನ್‌ಎಸ್‌ಗೆ ‘ಡಿಗ್’, ಪಾತ್‌ಪಿಂಗ್ ಬದಲು ‘ಎಂಟಿಆರ್’. ಅಲ್ಲಿ ಪಿಂಗ್ ತಾನಾಗಿ ನಿಲ್ಲುವುದಿಲ್ಲ, ‘-ಸಿ 4’ ಹಾಕಿ.

ಕಂಪನಿಗೆ ದೂರು ಕೊಡುವಾಗ

‘ಸ್ಲೋ ಇದೆ’ ಎಂದರೆ ‘ರೂಟರ್ ರೀಸ್ಟಾರ್ಟ್ ಮಾಡಿ ಸರ್’ ಎಂಬ ಉತ್ತರ ಕಟ್ಟಿಟ್ಟದ್ದು. ಬದಲಿಗೆ, ಸಾಧ್ಯವಾದರೆ ಕೇಬಲ್ ಹಾಕಿಯೇ, ಎರಡು ಕಿಟಕಿಯ ಪರೀಕ್ಷೆಯನ್ನು ಫೈಲಿಗೆ ಬರೆಸಿ:

ಪಿಂಗ್ -ಎನ್ 3600 192.168.1.1 > ಮನೆ.ಟಿಎಕ್ಸ್‌ಟಿ
ಪಿಂಗ್ -ಎನ್ 3600 8.8.8.8 > ಹೊರಗೆ.ಟಿಎಕ್ಸ್‌ಟಿ

ಸೆಕೆಂಡಿಗೊಂದರಂತೆ 3600 ಎಂದರೆ ಸುಮಾರು ಒಂದು ಗಂಟೆ. ಪರದೆ ಖಾಲಿ ಇರುತ್ತದೆ, ಎಲ್ಲ ಫೈಲಿಗೆ ಹೋಗುತ್ತಿರುತ್ತದೆ. ನೆಟ್ ಕೈಕೊಡುವ ಹೊತ್ತಿಗೇ ಓಡಿಸಿ, ಸಂಜೆಯ ಕಾಟವಾದರೆ ಸಂಜೆ 8ಕ್ಕೆ. ಶುರುವಾದ ಮತ್ತು ಮುಗಿದ ಸಮಯ ಬರೆದಿಡಿ, ಏಕೆಂದರೆ ವಿಂಡೋಸ್‌ನ ಪಿಂಗ್ ಗಂಟೆ ನಮೂದಿಸುವುದಿಲ್ಲ. ಮೊದಲ ಫೈಲಿನ ಕೊನೆಯಲ್ಲಿ ನಷ್ಟ ಸೊನ್ನೆ, ಎರಡನೆಯದರಲ್ಲಿ 7 ಎಂದಿದ್ದರೆ ‘ರೂಟರಿನವರೆಗೆ ನಷ್ಟವಿಲ್ಲ, ಅಲ್ಲಿಂದಾಚೆ ಒಂದು ಗಂಟೆಯಲ್ಲಿ ಶೇಕಡಾ 7 ನಷ್ಟ’ ಎಂದು ಬರೆದು, ಎರಡೂ ಫೈಲ್ ಜೊತೆಗೆ ಅದೇ ಹೊತ್ತಿನ ಪಾತ್‌ಪಿಂಗ್ ಫಲಿತಾಂಶ ಲಗತ್ತಿಸಿ, ದೂರಿನ ಸಂಖ್ಯೆ ಪಡೆಯಿರಿ. ರೂಟರ್ ರೀಸ್ಟಾರ್ಟ್ ಮಾಡಲು ಹೇಳಿದರೆ ಆಗ ಮಾಡಿ. ಬೇಕಾದದ್ದು ಆಗಲೇ ಫೈಲಿನಲ್ಲಿದೆ.